ಬಾಖ್‌ನ ಶೋಕಗೀತೆಯ ಧಾಟಿ ಬಾಖ್‌ನದೇ?

‘ಓ ಹೌಪ್ಟ್ ಫೋಲ್ ಬ್ಲೂಟ್ ಉಂಟ್ ವುಂಡೆನ್’ ಎಂಬುದು ಜರ್ಮನಿಯ ಒಂದು ಪ್ರಸಿದ್ಧ ಕ್ರೈಸ್ತ ಭಕ್ತಿಗೀತೆ. ಶಿಲುಬೆಗೇರಿಸಿದ ಯೇಸುವಿನ ಗಾಯಗೊಂಡ ಶಿರಸ್ಸು ಇದರ ವಸ್ತು. ಇದನ್ನು ಕೇಳಿದ ಹಲವರು ಎರಡು ಮಾತು ನಂಬುತ್ತಾರೆ. ಒಂದು, ಇದರ ಧಾಟಿ ಬಾಖ್‌ನದು. ಎರಡು, ದುಃಖ ಆ ಧಾಟಿಯಲ್ಲೇ ಇದೆ. ಎರಡೂ ಸರಿಯಲ್ಲ.

ಧಾಟಿ ಯಾರದು?

ಇದು ಹುಟ್ಟಿದ್ದು ಪ್ರೇಮಗೀತೆಯಾಗಿ. ಹುಡುಗಿಯೊಬ್ಬಳಿಂದಾಗಿ ಮನಸ್ಸು ಕದಡಿಹೋಗಿದೆ ಎನ್ನುವ ಪ್ರೇಮಿಯ ಹಾಡನ್ನು ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ. ಬಾಖ್ ಹುಟ್ಟಿದ್ದು 1685ರಲ್ಲಿ, ಅಂದರೆ 84 ವರ್ಷಗಳ ನಂತರ. ಲ್ಯಾಟಿನ್ ಕವನವೊಂದನ್ನು ಆಧರಿಸಿ ಪಾಲ್ ಗೆರ್ಹಾರ್ಟ್ ಬರೆದ ಭಕ್ತಿಗೀತೆ 1656ರಲ್ಲಿ ಇದೇ ಧಾಟಿಯೊಂದಿಗೆ ಪ್ರಕಟವಾಯಿತು. ಹಾಸ್ಲರನ ಹಾಡಿನಲ್ಲಿ ಲಯ ಕುಣಿಯುತ್ತಿತ್ತು. ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಹಾಡಲು ಅದು ಸಮನಾದ, ನಿಧಾನದ ನಡೆಯಾಯಿತು.

ಕೊರಾಲ್ ಎಂದರೇನು?

ಲೂಥರನ್ ಚರ್ಚುಗಳಲ್ಲಿ ಜನರೆಲ್ಲ ಸೇರಿ ಹಾಡುವ ಸರಳ ಗೀತೆಯೇ ಕೊರಾಲ್. ಈ ಗೀತೆಯ ಪ್ರತಿ ಪದ್ಯದಲ್ಲಿ ಎಂಟು ಸಾಲು. ಮೊದಲ ಎರಡು ಸಾಲಿನ ಧಾಟಿಯೇ ಮುಂದಿನ ಎರಡಕ್ಕೆ ಮರಳುತ್ತದೆ. ಉಳಿದ ನಾಲ್ಕಕ್ಕೆ ಹೊಸ ಧಾಟಿ. ಬಾಖ್ ಮಾಡಿದ್ದು ಧಾಟಿಯ ಕೆಳಗೆ ಇನ್ನೂ ಮೂರು ದನಿಗಳನ್ನು ಹೆಣೆಯುವ ಕೆಲಸ. ಈ ಹೆಣಿಗೆಯೇ ಹಾರ್ಮನಿ.

ಒಂದೇ ಧಾಟಿ, ಬೇರೆ ಬೇರೆ ಭಾವ

1727ರ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಕೃತಿಯಲ್ಲಿ ಬಾಖ್ ಈ ಧಾಟಿಯನ್ನು ಐದು ಬಾರಿ ತರುತ್ತಾನೆ. ಮೊದಲೆರಡು ಬಾರಿ ಹಾರ್ಮನಿ ಒಂದೇ, ಶ್ರುತಿ ಮಾತ್ರ ಅರ್ಧ ಸ್ವರ ಇಳಿಯುತ್ತದೆ. ಐದನೆಯದು ಯೇಸು ಪ್ರಾಣಬಿಟ್ಟ ಕೂಡಲೇ ಬರುತ್ತದೆ. ಆಗ ಧಾಟಿ ತೀರ ತಗ್ಗಿನಲ್ಲಿರುತ್ತದೆ. ಕೆಳಗಿನ ದನಿಗಳು ಅರ್ಧ ಅರ್ಧ ಸ್ವರವಾಗಿ ಜಾರುತ್ತವೆ. ಕೇಳುವವರ ಕಾಲಕೆಳಗಿನ ನೆಲವೇ ಸರಿದಂತಾಗುತ್ತದೆ.

ಆದರೆ ಅದೇ ಬಾಖ್ 1734–35ರ ‘ಕ್ರಿಸ್‌ಮಸ್ ಒರಟೋರಿಯೋ’ವನ್ನು ಮುಗಿಸುವುದೂ ಇದೇ ಧಾಟಿಯಿಂದ. ಅಲ್ಲಿ ಮೂರು ಟ್ರಂಪೆಟ್, ಟಿಂಪನಿ, ವಿಜಯದ ಸಂಭ್ರಮ! ದುಃಖ ಧಾಟಿಯಲ್ಲೇ ಇದ್ದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಇದು ಹೇಗೆ ಸಾಧ್ಯ?

ಗುಟ್ಟಿರುವುದು ಧಾಟಿಯ ಕೊನೆಯ ಸ್ವರದಲ್ಲಿ. ಅದನ್ನು ಮೇಜರ್ ಸ್ಕೇಲಿನ ಗಾಂಧಾರವೆಂದು ಭಾವಿಸಿ ಹಾರ್ಮನಿ ಕಟ್ಟಬಹುದು. ಆಗ ಬೆಳಕು, ನೆಮ್ಮದಿ. ಅದೇ ಸ್ವರವನ್ನು ಫ್ರಿಜಿಯನ್ ಎಂಬ ಹಳೆಯ ಸ್ಕೇಲಿನ ಷಡ್ಜವೆಂದೂ ಹಿಡಿಯಬಹುದು. ಆಗ ಹಾಡು ಮುಗಿದರೂ ಮುಗಿಯದಂತೆ, ಪ್ರಶ್ನೆಯಾಗಿ ನಿಲ್ಲುತ್ತದೆ. ಪ್ಯಾಶನ್ ಕೃತಿಯ ಐದನೆಯ ರೂಪ ಹೀಗೆ ನಿಲ್ಲುತ್ತದೆ.

ಕರ್ನಾಟಕ ಸಂಗೀತದ ಗ್ರಹಭೇದ ಬಲ್ಲವರಿಗೆ ಇದು ಹೊಸದಲ್ಲ. ಶಂಕರಾಭರಣದ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಹನುಮತೋಡಿಯ ಸ್ವರಗಳು ಸಿಗುತ್ತವೆ. ಮೇಜರ್ ಮತ್ತು ಫ್ರಿಜಿಯನ್ ಸ್ಕೇಲುಗಳ ಸಂಬಂಧವೂ ಅದೇ.

ಪಾಲ್ ಸೈಮನ್ ತನ್ನ 1973ರ ‘ಅಮೆರಿಕನ್ ಟ್ಯೂನ್’ ಹಾಡಿಗೂ ಇದೇ ಧಾಟಿಯನ್ನು ಆಧರಿಸಿದ. ಮುಂದಿನ ಸಲ ಈ ಕೊರಾಲ್ ಕೇಳುವಾಗ ಮೇಲಿನ ದನಿಯನ್ನು ಬಿಟ್ಟು ಕೆಳಗಿನ ದನಿಗಳಿಗೆ ಕಿವಿಗೊಡಿ. ಅಳು, ನಗು ಎರಡನ್ನೂ ತೀರ್ಮಾನಿಸುವವು ಅವೇ.