ಮುದಿ ಕೋತಿಯ ಕಣ್ಣು: ಮ್ಯಾಕ್ಯುಲಾ ಕ್ಷಯದ ಸಂಶೋಧನೆಯಲ್ಲಿ ಎರಡು ಧಾರೆಗಳು

ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಮುಪ್ಪಿನಲ್ಲಿ ಕ್ಷಯಿಸಿದರೆ ಓದುವುದೂ ಮುಖ ಗುರುತಿಸುವುದೂ ಕಷ್ಟವಾಗುತ್ತದೆ. ಇಲಿಯ ಕಣ್ಣಿನಲ್ಲಿ ಮ್ಯಾಕ್ಯುಲಾ ಇಲ್ಲ. ಮನುಷ್ಯನಿಗಿರುವಂಥದ್ದು ಕೋತಿಗಳಿಗೂ ವಾನರಗಳಿಗೂ ಇದೆ. ರೀಸಸ್ ಕೋತಿಗೆ ಮನುಷ್ಯನಿಗಿಂತ ಸುಮಾರು ಮೂರು ಪಟ್ಟು ಬೇಗ ಮುಪ್ಪು ಬರುತ್ತದೆ. ಹಾಗಾಗಿ ಈ ರೋಗದ ಅಧ್ಯಯನ ಕೋತಿಯನ್ನು ಆಶ್ರಯಿಸಿತು. ಆದರೆ ಅದು ಬೆಳೆದದ್ದು ಎರಡು ಬೇರೆ ದಾರಿಗಳಲ್ಲಿ: ತಾನಾಗಿ ಬಂದ ರೋಗವನ್ನು ಗಮನಿಸುವುದು ಒಂದು, ರೋಗದ ಒಂದು ಹಂತವನ್ನು ಕೃತಕವಾಗಿ ಉಂಟುಮಾಡುವುದು ಇನ್ನೊಂದು.

ಮೊದಲ ದಾರಿಯ ಆರಂಭಿಕ ವರದಿಗಳು 1970ರ ದಶಕದವು. ಸ್ಟಾಫರ್ಡ್ 1974ರಲ್ಲಿ ಮುದಿ ಕೋತಿಯೊಂದರ ಮ್ಯಾಕ್ಯುಲಾ ವಿಕಾರವನ್ನು ವರ್ಣಿಸಿದರು. 1978ರಲ್ಲಿ ಎಲ್-ಮೊಫ್ಟಿ ಮತ್ತು ಸಂಗಡಿಗರು ರೀಸಸ್ ಕೋತಿಗಳ ಮ್ಯಾಕ್ಯುಲಾ ಕ್ಷಯವನ್ನು ದಾಖಲಿಸಿದರು. ಈ ಅಧ್ಯಯನಕ್ಕೆ ಗಟ್ಟಿ ನೆಲೆ ಒದಗಿಸಿದ್ದು ಪೋರ್ಟೊರಿಕೊ ಕರಾವಳಿಯ ಕಾಯೊ ಸ್ಯಾಂಟಿಯಾಗೊ ದ್ವೀಪ. ಕೋತಿ-ವಾನರಗಳ ಅಧ್ಯಯನಕಾರ ಕ್ಲಾರೆನ್ಸ್ ರೇ ಕಾರ್ಪೆಂಟರ್ 1938ರಲ್ಲಿ ಭಾರತದಿಂದ ಸುಮಾರು 400 ರೀಸಸ್ ಕೋತಿಗಳನ್ನು ಒಯ್ದು ಅಲ್ಲಿ ಬಿಟ್ಟಿದ್ದರು. 1956ರಿಂದ ಅಲ್ಲಿ ಒಂದೊಂದು ಕೋತಿಯನ್ನೂ ಗುರುತಿಟ್ಟು ಎಣಿಸುವ ಪದ್ಧತಿ ಬಂತು. ಹುಟ್ಟಿದ ವರ್ಷ ಮತ್ತು ತಾಯಿ ಯಾರೆಂಬುದು ಗೊತ್ತಿದ್ದುದರಿಂದ ಮ್ಯಾಕ್ಯುಲಾದ ಹಳದಿ ಚುಕ್ಕೆಗಳಾದ ಡ್ರೂಸೆನ್‌ಗಳನ್ನು ವಯಸ್ಸಿನೊಡನೆಯೂ ವಂಶದೊಡನೆಯೂ ಹೋಲಿಸಿ ನೋಡಲು ಸಾಧ್ಯವಾಯಿತು. ಡಾಸನ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ರಕ್ತಸಂಬಂಧಿ ಕೋತಿಗಳ ಮ್ಯಾಕ್ಯುಲಾ ರೋಗವನ್ನು ಪರಿಶೀಲಿಸಿದರು. ಮನುಷ್ಯನಲ್ಲಿ ಈ ರೋಗದ ಅಪಾಯ ಹೆಚ್ಚಿಸುವ ಎಆರ್‌ಎಂಎಸ್2 ಮತ್ತು ಎಚ್‌ಟಿಆರ್‌ಎ1 ಜೀನ್‌ಗಳಿಗೂ ರೀಸಸ್ ಕೋತಿಯ ರೋಗಕ್ಕೂ ನಂಟಿದೆ ಎಂದು 2008ರ ಅಧ್ಯಯನವೊಂದು ತೋರಿಸಿತು.

ಇದೇ ಧಾರೆಗೆ ಜಪಾನ್ ಬೇರೊಂದು ಸಾಕ್ಷ್ಯ ಸೇರಿಸಿತು. ಅಲ್ಲಿನ ಸೈನೊಮಾಲ್ಗಸ್ ಕೋತಿಗಳ ಒಂದು ವಂಶದಲ್ಲಿ ಎರಡು ವರ್ಷದ ವಯಸ್ಸಿಗೇ ಡ್ರೂಸೆನ್ ಕಾಣಿಸುತ್ತದೆ ಎಂದು 2005ರಲ್ಲಿ ವರದಿಯಾಯಿತು. ಮನುಷ್ಯನ ಡ್ರೂಸೆನ್‌ನಲ್ಲಿರುವ, ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೋಟೀನುಗಳು ಆ ಕೋತಿಗಳ ಡ್ರೂಸೆನ್‌ನಲ್ಲೂ ಸಿಕ್ಕವು.

ಎರಡನೆಯ ದಾರಿ ಅವಸರದ್ದು. ತಾನಾಗಿ ರೋಗ ಬಂದ ಕೋತಿಗಳಲ್ಲಿ ಹೊಸ ರಕ್ತನಾಳಗಳು ನುಗ್ಗಿ ಸೋರುವ ಕೊನೆಯ ಹಂತ ಅಪರೂಪ. ಅದಕ್ಕಾಗಿ ಸ್ಟೀಫನ್ ರಯಾನ್ 1970ರ ದಶಕದ ಕೊನೆಗೆ ಲೇಸರ್‌ನಿಂದ ಅಕ್ಷಿಪಟಲದಡಿಯ ಬ್ರೂಕ್ ಪೊರೆಯನ್ನು ಒಡೆದು ರಕ್ತನಾಳಗಳು ಬೆಳೆಯುವಂತೆ ಮಾಡಿದರು. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದೇ ಬಗೆಯ ಲೇಸರ್ ಗಾಯದ ಮೇಲೆ ಹೊಸ ರಕ್ತನಾಳಗಳ ಬೆಳವಣಿಗೆ ತಡೆಯುವ ರಾನಿಬಿಜುಮ್ಯಾಬ್ ಎಂಬ ಔಷಧವನ್ನು ಪರೀಕ್ಷಿಸಲಾಯಿತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತದ್ದು 2006ರಲ್ಲಿ.

ಎರಡೂ ಮಾದರಿಗಳಿಗೆ ಅವುಗಳದೇ ಮಿತಿಯಿದೆ. ಲೇಸರ್ ಗಾಯವು ಮುಪ್ಪಿನಿಂದ ಬಂದ ರೋಗವಲ್ಲ; ಮುದಿ ಕೋತಿಯ ಡ್ರೂಸೆನ್ ಸಾಮಾನ್ಯವಾಗಿ ಕುರುಡಿನವರೆಗೆ ಹೋಗುವುದಿಲ್ಲ. ರೋಗದ ಒಂದು ಹಂತವನ್ನು ತಡೆಯುವ ಔಷಧದ ಪರೀಕ್ಷೆಗೆ ಲೇಸರ್ ಮಾದರಿ ಸಾಕಾಯಿತು. ಆದರೆ ರೋಗ ಹುಟ್ಟುವ ಬಗೆ ಅರಿಯಬೇಕಾದರೆ ವಯಸ್ಸು ಮತ್ತು ವಂಶದ ದಾಖಲೆಯಿರುವ ಹಿಂಡುಗಳನ್ನೇ ದಶಕಗಟ್ಟಲೆ ಕಾಪಾಡಿಕೊಳ್ಳಬೇಕಾಗುತ್ತದೆ. ಭಾರತ 1978ರಲ್ಲಿ ರೀಸಸ್ ಕೋತಿಗಳ ರಫ್ತನ್ನು ನಿಷೇಧಿಸಿದ ಮೇಲಂತೂ ಅಂಥ ಹಿಂಡುಗಳಿಗೆ ಸುಲಭದ ಬದಲಿ ಇಲ್ಲ.