ಸೂಜಿಗೆ ಸಿಕ್ಕವು, ಸೂಜಿಗೆ ಸಿಗದವು

ಬೆಳಗಾವಿ ಬಿಟ್ಟ ರೈಲು ದೇಸೂರ ದಾಟಿ ಖಾನಾಪುರದತ್ತ ಸಾಗುವಾಗ ಹಳಿಯ ಇಕ್ಕೆಲಗಳಲ್ಲೂ ಭತ್ತದ ಗದ್ದೆಗಳು ಕಾಣುತ್ತವೆ; ಲೋಂಡಾ ಹತ್ತಿರವಾದಂತೆ ಕಾಡು ದಟ್ಟವಾಗುತ್ತದೆ. ಮಳೆಗಾಲದಲ್ಲಿ ಇಂಥ ಗದ್ದೆಯ ಒಂದೇ ಬದುವಿನಲ್ಲಿ ಏಡಿ, ಇರುವೆ, ಎರೆಹುಳ, ಬಸವನಹುಳ, ಜಿಗಣೆ ಎಲ್ಲವೂ ಸಿಗುತ್ತವೆ. ಒಂದಕ್ಕೂ ಬೆನ್ನೆಲುಬಿಲ್ಲ. ಆದರೂ ಈ ಸೀಮೆಯ ಜೀವಿಗಳ ಹಳೆಯ ದಾಖಲೆಗಳಲ್ಲಿ ಅವುಗಳಿಗೆ ಸಮಪಾಲು ಸಿಕ್ಕಿಲ್ಲ. ಕೀಲುಕಾಲಿನ ಸಂಧಿಪದಿಗಳ ಬಗ್ಗೆ, ಅದರಲ್ಲೂ ಕೀಟಗಳ ಬಗ್ಗೆ, ರಾಶಿ ಬರಹವಿದೆ. ಉಳಿದವುಗಳ ಬಗ್ಗೆ ಬೆರಳೆಣಿಕೆಯಷ್ಟು. ಇದಕ್ಕೆ ಕೀಟಗಳ ಸಂಖ್ಯೆ ಎಷ್ಟು ಕಾರಣವೋ, ಅವುಗಳ ಚರ್ಮ ಸಂಗ್ರಹಕಾರರ ಸೂಜಿಗೆ, ಪೆಟ್ಟಿಗೆಗೆ ಒಗ್ಗಿದ್ದೂ ಅಷ್ಟೇ ಕಾರಣ ಎಂಬುದು ನನ್ನ ವಾದ.

1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ ಮೇಲೆ ಈ ಭಾಗದ ಜೀವಿಗಳನ್ನು ಹುಡುಕಿ ಬರೆದವರಲ್ಲಿ ಹೆಚ್ಚಿನವರು ಬಿಡುವಿನಲ್ಲಿ ಈ ಕೆಲಸ ಮಾಡುತ್ತಿದ್ದ ಅಧಿಕಾರಿಗಳು. ಖಾನಾಪುರಕ್ಕೆ ಹೊಂದಿಕೊಂಡ ಉತ್ತರ ಕನ್ನಡದ ಚಿಟ್ಟೆಗಳ ಕುರಿತು ಡೇವಿಡ್ಸನ್, ಬೆಲ್ ಮತ್ತು ಐಟ್ಕನ್ 1896ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಸರಣಿಯಾಗಿ ಬರೆದರು. ಅರಣ್ಯಾಧಿಕಾರಿ ರೌಟನ್ 1892ರಲ್ಲಿ ಇರುವೆಗಳ ಬಗ್ಗೆ ಬರೆದರು; ಅವರು ಕಳಿಸಿದ ಇರುವೆಗಳನ್ನು ಸ್ವಿಟ್ಜರ್‌ಲೆಂಡಿನ ಫೋರೆಲ್ ಗುರುತಿಸಿ ಹೆಸರಿಟ್ಟರು. ಸಾವಿರಾರು ಮೈಲಿ ದೂರದ ಈ ಕೆಲಸ ಸಾಧ್ಯವಾದದ್ದು ಇರುವೆಯ ಮೈಕಟ್ಟಿನಿಂದ. ಸತ್ತ ಇರುವೆ ಒಣಗಿದರೂ ಅದರ ಕೈಟಿನ್ ಕವಚ ಆಕಾರ ಬಿಡುವುದಿಲ್ಲ. ಮೀಸೆಯ ಗೆಣ್ಣು, ದವಡೆಯ ಹಲ್ಲು, ಸೊಂಟದ ಗಂಟು, ಜಾತಿ ಗುರುತಿಸಲು ಬೇಕಾದ ಲಕ್ಷಣಗಳೆಲ್ಲ ಹೊರಮೈಯಲ್ಲೇ ಉಳಿಯುತ್ತವೆ. ಎರೆಹುಳವನ್ನು ಹಾಗೆ ಒಣಗಿಸಿದರೆ ಉಳಿಯುವುದು ಸುಕ್ಕುಗಟ್ಟಿದ ದಾರದ ತುಂಡು. ಅದರ ಜಾತಿ ತಿಳಿಯಬೇಕಾದರೆ ಸ್ಪಿರಿಟ್‌ನಲ್ಲಿಟ್ಟು, ಮೈ ಸೀಳಿ, ಯಾವ ಅಂಗ ಎಷ್ಟನೇ ಉಂಗುರದಲ್ಲಿದೆ ಎಂದು ಎಣಿಸಬೇಕು. ಡೇರೆಯಲ್ಲಿ ರಾತ್ರಿ ಕಳೆಯುವ ಅಧಿಕಾರಿಗೆ ಯಾವುದು ಸುಲಭ ಎಂದು ಹೇಳಬೇಕಾಗಿಲ್ಲ.

ಬಸವನಹುಳದ ಚಿಪ್ಪೂ ಗಟ್ಟಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಆದ್ದರಿಂದಲೇ ಮೆದುದೇಹಿಗಳಲ್ಲಿ ಚಿಪ್ಪಿನವುಗಳ ಸಂಗ್ರಹ ಚೆನ್ನಾಗಿಯೇ ನಡೆಯಿತು, ಚಿಪ್ಪಿಲ್ಲದ ಗೊಂಡೆಹುಳುಗಳು ಹಿಂದುಳಿದವು. ಬ್ರಿಟಿಷರ ಕಾಲದ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯನ್ನೇ ನೋಡಿ. ಕೀಟಗಳಿಗೆ ಹತ್ತಾರು ಸಂಪುಟ. ಇರುವೆಗಳ ಸಂಪುಟ 1903ಕ್ಕೇ ಬಂತು. ಎರೆಹುಳದ ಬಳಗಕ್ಕೆ 1923ರಲ್ಲಿ ಸ್ಟೀಫನ್ಸನ್ ಬರೆದ ಒಂದು ಸಂಪುಟ, ಜಿಗಣೆಗಳಿಗೆ 1927ರಲ್ಲಿ ಇನ್ನೊಂದು. ಇದಕ್ಕಿಂತ ಬಲವಾದ ಸಾಕ್ಷಿ ಸಂಧಿಪದಿಗಳೊಳಗೇ ಇದೆ. ಜೇಡವೂ ಸಂಧಿಪದಿಯೇ, ಆದರೆ ಅದರ ಹೊಟ್ಟೆ ಮೆತ್ತಗೆ; ಒಣಗಿದರೆ ಮುದುಡಿ ಹೋಗುತ್ತದೆ, ಹಾಗಾಗಿ ಸ್ಪಿರಿಟ್ ಬೇಕೇ ಬೇಕು. ಜೇಡ, ಚೇಳುಗಳಿಗೆ ಆ ಮಾಲೆಯಲ್ಲಿ ಸಿಕ್ಕಿದ್ದು 1900ರಲ್ಲಿ ಪೋಕಾಕ್ ಬರೆದ ಒಂದೇ ಸಂಪುಟ.

ಚಿಪ್ಪಿನ ಪ್ರಶ್ನೆಗಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಸಂಧಿಪದಿಗಳು ನಿಜಕ್ಕೂ ಹೆಚ್ಚಿವೆ, ಅದಕ್ಕೇ ಬರಹವೂ ಹೆಚ್ಚು. ಹೆಸರಿಟ್ಟ ಪ್ರಾಣಿಜಾತಿಗಳಲ್ಲಿ ಶೇ. 80ರಷ್ಟು ಅವೇ, ಕೀಟಗಳೇ 10 ಲಕ್ಷದ ಆಸುಪಾಸು. ಈ ಮಾತನ್ನು ಒಪ್ಪಲೇಬೇಕು. ಪೆಟ್ಟಿಗೆಗೆ ಒಗ್ಗಿದ ಅದೇ ಚರ್ಮ ಬಿಸಿಲಿಗೂ ಒಗ್ಗಿತ್ತು. ಗದ್ದೆ ಒಣಗಿದಾಗ ಎರೆಹುಳ ಆಳಕ್ಕೆ ಇಳಿಯುತ್ತದೆ, ಬಸವನಹುಳ ಚಿಪ್ಪಿನ ಬಾಯಿ ಮುಚ್ಚಿಕೊಳ್ಳುತ್ತದೆ; ಇರುವೆ ಮಾತ್ರ ಮಾರ್ಚಿನ ಬಿಸಿಲಲ್ಲೂ ಬದುವಿನ ಮೇಲೆ ಓಡಾಡುತ್ತಿರುತ್ತದೆ. ಕೀಟದ ಮೈಮೇಲಿನ ಮೇಣದ ತೆಳುಪದರ ನೀರನ್ನು ಆರಗೊಡದು. ಕವಚಕ್ಕೆ ಅಂಟಿದ ಸ್ನಾಯು ಕೀಲುಕಾಲನ್ನು ಸನ್ನೆಗೋಲಿನಂತೆ ದುಡಿಸುತ್ತದೆ. ಈ ಗಟ್ಟಿತನಕ್ಕೆ ತೆರಬೇಕಾದ ಬೆಲೆಯೂ ಇದೆ: ಬೆಳೆಯಬೇಕಾದರೆ ಏಡಿ ಇಡೀ ಕವಚ ಕಳಚಬೇಕು, ಹೊಸದು ಗಟ್ಟಿಯಾಗುವವರೆಗೆ ಕೊಕ್ಕರೆಗೆ ಸುಲಭದ ತುತ್ತಾಗಿ ಬಿಲದಲ್ಲಿ ಅಡಗಿರಬೇಕು. ಸಂಧಿಪದಿಗಳ ಮೇಲುಗೈ ದಿಟ. ಪುಸ್ತಕಗಳು ತೋರಿಸುವ ಅಂತರವಷ್ಟೇ ನಂಬಲು ಕಷ್ಟ. ದುಂಡುಹುಳುಗಳನ್ನೇ ತೆಗೆದುಕೊಳ್ಳಿ. ಹೆಸರು ಪಡೆದವು ಸುಮಾರು 28 ಸಾವಿರ ಜಾತಿ, ಆದರೆ ತಲೆಲೆಕ್ಕದಲ್ಲಿ ಭೂಮಿಯ ಪ್ರತಿ ಐದು ಪ್ರಾಣಿಗಳಲ್ಲಿ ನಾಲ್ಕು ಅವೇ ಎಂಬ ಅಂದಾಜಿದೆ. ಮಣ್ಣಿನಲ್ಲಿ ಹೆಚ್ಚಾಗಿ ಒಂದು ಮಿಲಿಮೀಟರಿಗಿಂತ ಚಿಕ್ಕದಾಗಿರುವ, ಪಾರದರ್ಶಕವಾದ ಈ ಹುಳುವಿಗೆ ಚುಚ್ಚುವ ಸೂಜಿಯೇ ಇರಲಿಲ್ಲ. ಈಗ ಮಣ್ಣಿನಿಂದಲೇ ಡಿಎನ್ಎ ತೆಗೆದು ಓದುತ್ತಾರೆ. ಅಲ್ಲಿ ಚರ್ಮ ಗಟ್ಟಿಯೋ ಮೆತ್ತಗೋ ಎಂಬುದು ಮೊದಲಿನಷ್ಟು ಲೆಕ್ಕಕ್ಕೆ ಬರುವುದಿಲ್ಲ. ದೇಸೂರಿನ ಗದ್ದೆಯ ಒಂದು ಹಿಡಿ ಮಣ್ಣನ್ನು ಹಾಗೆ ಓದಿದರೆ, ಮೊದಲು ಎಣಿಕೆಗೆ ಸಿಗುವುದು ಇರುವೆಗಿಂತ ದುಂಡುಹುಳುವೇ ಇರಬಹುದು.