ಡಬ್ಬಿಯಲ್ಲಿ ಬಂದ ಅನಾನಸ್

ಪಿಜ್ಜಾದ ಮೇಲೆ ಅನಾನಸ್ ಹಾಕಬಹುದೇ ಎಂಬ ಜಗಳಕ್ಕೆ 2017ರ ಫೆಬ್ರವರಿಯಲ್ಲಿ ಒಂದು ದೇಶದ ಅಧ್ಯಕ್ಷರೇ ಇಳಿದರು. ಐಸ್‌ಲ್ಯಾಂಡಿನ ಗುಡ್ನಿ ಯೋಹಾನೆಸನ್ ಶಾಲಾ ಮಕ್ಕಳ ಪ್ರಶ್ನೆಗೆ ಉತ್ತರಿಸುತ್ತ, ನನ್ನ ಕೈಯಲ್ಲಿದ್ದಿದ್ದರೆ ಇದನ್ನು ನಿಷೇಧಿಸಿಬಿಡುತ್ತಿದ್ದೆ ಎಂಬರ್ಥದ ಮಾತಾಡಿದರು. ಸುದ್ದಿ ಲೋಕವೆಲ್ಲ ಸುತ್ತಿತು. ಅಂಥ ಅಧಿಕಾರ ನನಗಿಲ್ಲ, ಇಲ್ಲದಿರುವುದೇ ಒಳ್ಳೆಯದು ಎಂದು ಆಮೇಲೆ ಅವರು ಸಮಜಾಯಿಷಿ ಕೊಡಬೇಕಾಯಿತು. ಕೆನಡಾದ ಪ್ರಧಾನಿ ಟ್ರೂಡೊ ಅನಾನಸಿನ ಪರ ನಿಂತರು. ನಿಲ್ಲದೆ ವಿಧಿಯಿರಲಿಲ್ಲ. ಹವಾಯಿಯನ್ ಪಿಜ್ಜಾ ಹುಟ್ಟಿದ್ದು ಹವಾಯಿಯಲ್ಲೂ ಅಲ್ಲ, ಇಟಲಿಯಲ್ಲೂ ಅಲ್ಲ, ಕೆನಡಾದ ಒಂಟಾರಿಯೊ ಪ್ರಾಂತದ ಚಾಟಮ್ ಎಂಬ ಸಣ್ಣ ಊರಿನಲ್ಲಿ.

ಅದನ್ನು ಮಾಡಿದವರು ಸ್ಯಾಮ್ ಪನೊಪುಲೊಸ್. ಗ್ರೀಸಿನವರು. 1954ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಕೆಲಸ ಹುಡುಕಿಕೊಂಡು ಹಡಗು ಹತ್ತಿದರು. ಆ ಹಡಗು ದಾರಿಯಲ್ಲಿ ನೇಪಲ್ಸಿನಲ್ಲಿ ನಿಂತಾಗ ಪಿಜ್ಜಾದ ಪರಿಚಯವಾಯಿತು. ಕೆನಡಾದಲ್ಲಿ ಅಣ್ಣತಮ್ಮಂದಿರು ಸೇರಿ ಸ್ಯಾಟಲೈಟ್ ಎಂಬ ಹೋಟೆಲ್ ನಡೆಸಿದರು. ಬರ್ಗರ್ ಇತ್ತು, ಗಿರಾಕಿಗಳು ಕೇಳುತ್ತಾರೆಂದು ಚೀನೀ ತಿನಿಸೂ ಇತ್ತು. ಹೊಟ್ಟೆಪಾಡಿಗೆ ಹೊರಟವನಿಗೆ ತನ್ನೂರಿನ ಅಡುಗೆಯನ್ನೇ ಬಡಿಸುತ್ತೇನೆಂಬ ಹಟ ಎಲ್ಲಿಂದ ಬರಬೇಕು? 1962ರಲ್ಲಿ ಪನೊಪುಲೊಸ್, ಏನಾಗುತ್ತದೋ ನೋಡೋಣವೆಂದು ಡಬ್ಬಿಯ ಅನಾನಸ್ ತುಂಡುಗಳನ್ನು ಪಿಜ್ಜಾ ಮೇಲೆ ಉದುರಿಸಿದರು. ಚೀನೀ ಸಿಹಿ-ಹುಳಿ ಖಾದ್ಯಗಳನ್ನು ಬಿಟ್ಟರೆ ಅಲ್ಲಿನ ಜನ ಊಟದಲ್ಲಿ ಸಿಹಿಯನ್ನೂ ಉಪ್ಪನ್ನೂ ಬೆರೆಸುತ್ತಿರಲಿಲ್ಲ. ಆದರೂ ಇದು ನಡೆಯಿತು. ಹೆಸರು ಬಂದದ್ದು ಡಬ್ಬಿಯ ಮೇಲಿದ್ದ ‘ಹವಾಯಿಯನ್’ ಎಂಬ ಬ್ರಾಂಡಿನಿಂದ.

ಆ ಡಬ್ಬಿಯ ಹೆಸರಿನಲ್ಲಿ ನಮ್ಮ ತಟ್ಟೆಗೆ ಕಾಣದ ದೊಡ್ಡ ಕಥೆಯಿದೆ. ಹವಾಯಿಗೆ ತನ್ನದೇ ರಾಣಿಯಿದ್ದಳು, ಲಿಲಿಯುಒಕಲಾನಿ. 1893ರಲ್ಲಿ ಅಲ್ಲಿ ನೆಲೆಯೂರಿದ್ದ ಬಿಳಿಯ ವ್ಯಾಪಾರಿಗಳು, ಜಮೀನುದಾರರು ಸೇರಿ ಅಮೆರಿಕದ ಸೈನಿಕರ ಆಸರೆಯಲ್ಲಿ ಅವಳನ್ನು ಇಳಿಸಿದರು. ಹೊಸ ಸರ್ಕಾರದ ತಲೆಯಾಳು ಸ್ಯಾನ್‌ಫರ್ಡ್ ಡೋಲ್. 1898ರಲ್ಲಿ ದ್ವೀಪಗಳು ಅಮೆರಿಕದ ಪಾಲಾದವು. ಮರುವರ್ಷವೇ ಅವನ ದಾಯಾದಿ ಜೇಮ್ಸ್ ಡೋಲ್ ಅಲ್ಲಿಗೆ ಬಂದಿಳಿದ, 1901ರಲ್ಲಿ ಹವಾಯಿಯನ್ ಪೈನಾಪಲ್ ಕಂಪನಿ ಕಟ್ಟಿದ. ಅನಾನಸ್ ಬೆಳೆಯುವುದು ಸುಲಭ, ಕೊಳೆಯುವ ಮೊದಲು ಸಾವಿರಾರು ಮೈಲಿ ಸಾಗಿಸುವುದು ಕಷ್ಟ. ಡಬ್ಬಿಗೆ ತುಂಬಿದರೆ ಆ ಚಿಂತೆಯಿಲ್ಲ. 1911ರಲ್ಲಿ ಹೆನ್ರಿ ಜಿನಾಕಾ ಎಂಬ ಎಂಜಿನಿಯರ್ ಹಣ್ಣಿನ ಸಿಪ್ಪೆ ತೆಗೆದು, ನಡುವಿನ ದಿಂಡು ಕೊರೆದು ಹಾಕುವ ಯಂತ್ರ ಮಾಡಿಕೊಟ್ಟ ಮೇಲೆ ಕಾರ್ಖಾನೆ ಓಡತೊಡಗಿತು. 1922ರಲ್ಲಿ ಕಂಪನಿ ಲಾನಾಯ್ ದ್ವೀಪವನ್ನೇ ಹೆಚ್ಚುಕಡಿಮೆ ಇಡಿಯಾಗಿ ಕೊಂಡಿತು. ಹೊಲದಲ್ಲಿ ಬೆನ್ನು ಬಗ್ಗಿಸಿದವರು ಜಪಾನಿನಿಂದ, ಫಿಲಿಪ್ಪೀನ್ಸಿನಿಂದ ಬಂದ ಕೂಲಿಗಳು. ಇಟಲಿಯ ತಿಂಡಿಗೆ ಯಾರು ಅಪಚಾರ ಮಾಡಿದರು ಎಂದು ಇಷ್ಟು ಚರ್ಚೆಯಾಗುತ್ತದಲ್ಲ, ಒಂದು ನಾಡು ಕಳೆದುಕೊಂಡವರ ಹೆಸರು ಡಬ್ಬಿಯ ಚೀಟಿಯಾಗಿ ಉಳಿದದ್ದರ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ನನ್ನನ್ನು ಕೇಳಿದರೆ ತಕರಾರು ಇರಬೇಕಾದ್ದು ಅಲ್ಲಿ.

ಅಂದಹಾಗೆ ಅನಾನಸ್ ಹವಾಯಿಗೂ ಹೊರಗಿನದು. ಅದರ ತವರು ದಕ್ಷಿಣ ಅಮೆರಿಕ. ಕೊಲಂಬಸ್ ಅದನ್ನು ಕಂಡದ್ದು 1493ರಲ್ಲಿ, ಗ್ವಾಡೆಲೂಪ್ ದ್ವೀಪದಲ್ಲಿ. ಟೂಪಿ ಜನರ ಮಾತಿನ ಹೆಸರೇ ಪೋರ್ಚುಗೀಸರ ಬಾಯಲ್ಲಿ ಹಾದು ಕನ್ನಡದಲ್ಲೂ ಅನಾನಸ್ ಆಗಿದೆ. ಫರಂಗಿಗಳ ಬಂದರಿನಿಂದ ಬಂದ ಈ ಹಣ್ಣು ಆಗ್ರಾದ ತೋಟದಲ್ಲಿ ಸಾವಿರಗಟ್ಟಲೆ ಬಿಡುತ್ತದೆಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಇವತ್ತು ಬನವಾಸಿಯ ಸುತ್ತಮುತ್ತ ಅನಾನಸ್ ತೋಟಗಳಿವೆ. ಪಂಪನಿಗೆ ಅದರ ವಾಸನೆಯೂ ಗೊತ್ತಿರಲಾರದು. ಆದರೆ ಮದುವೆಯೂಟದ ಎಲೆಯಲ್ಲಿ ಅನಾನಸ್ ಗೊಜ್ಜು ಬಡಿಸಿದಾಗ, ಉಡುಪಿ ಕಡೆ ಮೆಣಸ್ಕಾಯಿ ಬಂದಾಗ, ಇದು ಪರದೇಶದ್ದು ಎಂದು ಕೈ ಹಿಂದೆಗೆದವರನ್ನು ನಾನಂತೂ ನೋಡಿಲ್ಲ. ಗೊಜ್ಜಿಗೆ ಬಿದ್ದ ಒಣಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದದ್ದು. ನೇಪಲ್ಸಿನವರು ಜೀವ ಬಿಡುವ ಟೊಮೆಟೊ ಕೂಡ.

ಇನ್ನು ಬಾರ್ಬೆಕ್ಯೂ ಚಿಕನ್. ಆ ಪದ ಕೆರಿಬಿಯನ್ ದ್ವೀಪಗಳ ಟೈನೊ ಜನರದು, ಬೆಂಕಿಯ ಮೇಲೆ ಕಟ್ಟಿದ ಕಡ್ಡಿಗಳ ಅಟ್ಟಕ್ಕೆ ಅವರಿಟ್ಟ ಹೆಸರು. ಪಿಜ್ಜಾದ ಮೇಲೆ ಅದನ್ನು ಹತ್ತಿಸಿದವರು ಎಡ್ ಲಡೂ. ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ಅವರು ಮಾಡಿದ ವಿಚಿತ್ರ ಪಿಜ್ಜಾ ತಿಂದ ವುಲ್ಫ್‌ಗ್ಯಾಂಗ್ ಪಕ್, 1982ರಲ್ಲಿ ಲಾಸ್ ಏಂಜಲೀಸಿನ ತಮ್ಮ ಸ್ಪಾಗೊಗೆ ಕರೆದುಕೊಂಡರು. 1985ರಲ್ಲಿ ಲ್ಯಾರಿ ಫ್ಲ್ಯಾಕ್ಸ್, ರಿಕ್ ರೋಸೆನ್‌ಫೀಲ್ಡ್ ಎಂಬಿಬ್ಬರು ವಕೀಲರು ಬೆವರ್ಲಿ ಹಿಲ್ಸಿನಲ್ಲಿ ಕ್ಯಾಲಿಫೋರ್ನಿಯಾ ಪಿಜ್ಜಾ ಕಿಚನ್ ತೆರೆದಾಗ ಅದರ ಪಟ್ಟಿ ಸಿದ್ಧಪಡಿಸಿಕೊಟ್ಟವರು ಲಡೂ. ಟೊಮೆಟೊ ಸಾಸಿನ ಬದಲು ಬಾರ್ಬೆಕ್ಯೂ ಸಾಸ್, ಮೇಲೆ ಚಿಕನ್, ಹೊಗೆಯಾಡಿಸಿದ ಗೌಡಾ ಚೀಸ್, ಕೆಂಪು ಈರುಳ್ಳಿ, ಕೊತ್ತಂಬರಿ ಸೊಪ್ಪು. ಹೋಟೆಲಿನ ಹೆಸರು ಊರೂರಿಗೆ ಹೋಯಿತು. 2007ರಲ್ಲಿ ತೀರಿಕೊಂಡ ಲಡೂ ಹೆಸರು ಬಾಣಸಿಗರ ವಲಯದಾಚೆ ಅಷ್ಟಾಗಿ ಹೋಗಲಿಲ್ಲ. ಪನೊಪುಲೊಸ್ ಕೂಡ ಪೇಟೆಂಟ್ ಮಾಡಿಸಿಕೊಂಡವರಲ್ಲ. ಐಸ್‌ಲ್ಯಾಂಡಿನ ಜಗಳವನ್ನು ನೋಡಿಯೇ, ಅದೇ ವರ್ಷದ ಜೂನಿನಲ್ಲಿ ಹೋದರು.

ಈ ಎರಡು ಪಿಜ್ಜಾಗಳು ಒಂದಾದದ್ದು ಯಾವುದೋ ಹೆಸರಾಂತ ಹೋಟೆಲಿನಲ್ಲಿ ಎನ್ನುವುದಕ್ಕಿಂತ ಮನೆಗಳ ಅಡುಗೆಕಟ್ಟೆಯ ಮೇಲೆ ಎನ್ನುವುದೇ ಸರಿ. ಒಂದರಲ್ಲಿ ಉಳಿದ ಚಿಕನ್, ಇನ್ನೊಂದರಲ್ಲಿ ಉಳಿದ ಹಣ್ಣು. ಬಾರ್ಬೆಕ್ಯೂ ಸಾಸಿನ ಜೀವ ಕಾಕಂಬಿಯಲ್ಲಿದೆ. ಪುಣೆಯ ನಮ್ಮ ಬಾಡಿಗೆ ಮನೆಯಲ್ಲಿ ಅದರ ಜಾಗಕ್ಕೆ ಜೋನಿಬೆಲ್ಲ ಬರುತ್ತದೆ, ಜೊತೆಗೆ ಟೊಮೆಟೊ, ವಿನೆಗರ್, ಬ್ಯಾಡಗಿ ಮೆಣಸಿನಪುಡಿ. ಇಷ್ಟಾದರೆ ಗೊಜ್ಜಿನ ಹತ್ತಿರದ ನೆಂಟನಾಯಿತು.

ಹಣ್ಣಿನದೇ ಸ್ವಲ್ಪ ತಕರಾರು. ತಾಜಾ ಅನಾನಸಿನಲ್ಲಿ ಬ್ರೋಮಿಲೈನ್ ಎಂಬ ಕಿಣ್ವವಿದೆ. ಅದು ಮಾಂಸದ ಪ್ರೋಟೀನನ್ನು ಒಡೆಯುತ್ತದೆ. ಕೋಳಿ ತುಂಡುಗಳನ್ನು ರಾತ್ರಿಯಿಡೀ ಅದರಲ್ಲಿ ನೆನೆಹಾಕಿದರೆ ಬೆಳಗ್ಗೆ ಕೈಗೆ ಸಿಗುವುದು ಮುದ್ದೆ. ಡಬ್ಬಿಯ ಹಣ್ಣಿಗೆ ಆ ತಾಕತ್ತಿಲ್ಲ, ಕಾರ್ಖಾನೆಯ ಕಾವಿಗೆ ಕಿಣ್ವ ಕೆಟ್ಟಿರುತ್ತದೆ. ಪನೊಪುಲೊಸ್ ಹಾಕಿದ್ದು ಅಂಥದ್ದನ್ನೇ. ತಾಜಾ ಹಣ್ಣೇ ಬೇಕೆಂದರೆ ತುಂಡುಗಳನ್ನು ಕಾದ ಕಾವಲಿಯ ಮೇಲೆ ಅಂಚು ಕೆಂಪಾಗುವಷ್ಟು ಬಾಡಿಸಿ: ಕಿಣ್ವವೂ ಸಾಯುತ್ತದೆ, ನೀರೂ ಇಂಗುತ್ತದೆ. ನೇಪಲ್ಸಿನ ಕಟ್ಟಿಗೆ ಒಲೆ 400 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಪಿಜ್ಜಾ ಒಂದೂವರೆ ನಿಮಿಷದಲ್ಲಿ ಬೇಯುತ್ತದೆ. ನಮ್ಮ ಓಟಿಜಿ 250ಕ್ಕೆ ಸುಸ್ತಾಗುತ್ತದೆ. ಆ ಹತ್ತು-ಹನ್ನೆರಡು ನಿಮಿಷದಲ್ಲಿ ಹಸಿ ಹಣ್ಣು ರಸ ಬಿಟ್ಟರೆ ಕೆಳಗಿನ ರೊಟ್ಟಿ ಹಸಿಹಸಿಯಾಗಿಯೇ ಉಳಿಯುತ್ತದೆ. ಕೊತ್ತಂಬರಿ ಸೊಪ್ಪು ಮಾತ್ರ ಹೊರಗೆ ತೆಗೆದ ಮೇಲೆ.